ಪಾಲಿಶ್‌ಗೆ ಬಗ್ಗದ ಕಾರ್ ಪೇಂಟ್: ಆ ಗೀರು ಹಳೆಯದೋ, ಈಗ ಬಿದ್ದದ್ದೋ?

ಅರ್ಧ ಗಂಟೆ ಮೆಷಿನ್ ಓಡಿಸಿ, ಒರೆಸಿ, ಲೈಟ್ ಹಿಡಿದು ನೋಡಿದರೆ ಬಾನೆಟ್ ಮೇಲೆ ಇನ್ನೂ ಗೀರು. ಆಗ ಹೆಚ್ಚಿನವರು ಮಾಡುವುದು ಒಂದೇ: ಇನ್ನೂ ಒರಟು ಕಾಂಪೌಂಡ್ (ಹೆಚ್ಚು ಕೊರೆಯುವ ಪಾಲಿಶ್), ಇನ್ನೂ ಜೋರು ಒತ್ತಡ. ಗೀರು ಮೊದಲಿನಿಂದ ಇದ್ದದ್ದಾದರೆ ಆ ದಾರಿ ಸರಿ ಇರಬಹುದು. ನಿಮ್ಮ ಮೆಷಿನ್‌ನ ಪ್ಯಾಡೇ ಈಗಷ್ಟೇ ಹಾಕಿದ್ದಾದರೆ ಅದು ಪೂರ್ತಿ ಉಲ್ಟಾ ದಾರಿ. ಕಷ್ಟದ ಪೇಂಟ್ ಎಂದು ಹೆಸರು ಕೆಡಿಸಿಕೊಂಡ ಕಾರುಗಳಲ್ಲಿ ಬಹಳಷ್ಟು ಸಲ ತಪ್ಪುವುದು ಇಲ್ಲಿಯೇ.

ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಹಳೆಯ ಗೀರುಗಳಿಗೆ ಗೊತ್ತು ಗುರಿ ಇರುವುದಿಲ್ಲ. ಒಂದು ಆಳ, ಇನ್ನೊಂದು ತೆಳು, ಒಂದು ಉದ್ದ, ಇನ್ನೊಂದು ಮೋಟು. ಮೆಷಿನ್ ಓಡಿಸಿದ ಮೇಲೂ ಅದೇ ಜಾಗದಲ್ಲಿ ಸಿಗುತ್ತವೆ. ಪ್ಯಾಡ್ ಹಾಕಿದ ಗೀರುಗಳು ಎಲ್ಲ ಒಂದೇ ಅಳತೆಯವು. ಮೆಷಿನ್ ಓಡಿದಷ್ಟೂ ಜಾಗದಲ್ಲಿ ಒಂದೇ ಸಮ ಹರಡಿರುತ್ತವೆ, ಬಿಡಿಬಿಡಿಯಾಗಿ ಕಾಣುವುದಕ್ಕಿಂತ ಮಬ್ಬಾಗಿ ಕಾಣುತ್ತವೆ. ಅನುಮಾನ ಉಳಿದರೆ ಮೆತ್ತನೆಯ ಫಿನಿಶಿಂಗ್ ಫೋಮ್ ಪ್ಯಾಡ್‌ಗೆ ನಯವಾದ ಪಾಲಿಶ್ ಹಾಕಿ, ಕಡಿಮೆ ಸ್ಪೀಡಿನಲ್ಲಿ ಒಂದು ಸುತ್ತು ಹೋಗಿ. ಕೂಡಲೇ ತೆಳುವಾದರೆ ಅವು ನಿಮ್ಮವೇ. ಅಲುಗದೆ ಕೂತಿದ್ದರೆ ಹಳೆಯವು. ಮುಂದೆ ಬರುವ ಪ್ರತಿ ಲಕ್ಷಣಕ್ಕೂ ಈ ಪರೀಕ್ಷೆ ಮೊದಲು.

## ಮೆಷಿನ್ ಮುಟ್ಟುವ ಮುಂಚೆ

ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್, ಕೊನೆಗೆ ಕ್ಲಿಯರ್ ಕೋಟ್ ಇರುತ್ತವೆ. ನಾವು ಪಾಲಿಶ್ ಮಾಡುವುದು ಕ್ಲಿಯರ್ ಒಂದನ್ನೇ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಫ್ಯಾಕ್ಟರಿ ಪೇಂಟ್ ಎಲ್ಲ ಪದರ ಸೇರಿ 100ರಿಂದ 180 ಮೈಕ್ರಾನ್ ಆಸುಪಾಸು. ಪಾಲಿಶ್ ಎಂದರೆ ಗೀರಿನ ಸುತ್ತಲಿನ ಕ್ಲಿಯರ್ ಅನ್ನು ಗೀರಿನ ತಳದವರೆಗೂ ಸವೆಸುವುದು. ಹೋದದ್ದು ಮತ್ತೆ ಬರುವುದಿಲ್ಲ.

ಮೊದಲು ಶ್ಯಾಂಪೂ ಹಾಕಿ ತೊಳೆಯಿರಿ. ನಂತರ ಬೆರಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪ್ಯಾನೆಲ್ ಸವರಿ. ಬರಿ ಬೆರಳಿಗೆ ಸಿಗದ ತರಿ ಚೀಲದ ಮೂಲಕ ಚೆನ್ನಾಗಿ ಸಿಗುತ್ತದೆ. ತರಿ ಇದ್ದರೆ ಮೊದಲು ಐರನ್ ರಿಮೂವರ್ (ಕಬ್ಬಿಣದ ಕಣ ಕರಗಿಸುವ ದ್ರವ), ಆಮೇಲೆ ಕ್ಲೇ ಬಾರ್ (ತರಿ ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮುದ್ದೆ). ಇದನ್ನು ಬಿಟ್ಟು ಮೆಷಿನ್ ಹಿಡಿದರೆ ಆ ತರಿಯೇ ಪ್ಯಾಡ್‌ಗೆ ಹತ್ತಿ ಹೊಸ ಗೀರು ಎಳೆಯುತ್ತದೆ. ಮೆತ್ತನೆಯ ಪೇಂಟ್ ಮೇಲೆ ಕ್ಲೇ ಸಹ ಸಣ್ಣ ಗೀರು ಬಿಡುತ್ತದೆ, ಗಾಬರಿ ಬೇಡ. ಆದರೆ ಕ್ಲೇ ಆದಮೇಲೆ ಪಾಲಿಶ್ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬೆಳಕು ಟ್ಯೂಬ್‌ಲೈಟ್ ಆಗಬಾರದು. ಹರಡಿದ ಬೆಳಕಿನಲ್ಲಿ ಎಲ್ಲ ಕಾರೂ ಚೆಂದ. ಒಂದೇ ಬಿಂದುವಿನಿಂದ ಬರುವ ಎಲ್‌ಇಡಿ ಟಾರ್ಚ್ ಅಥವಾ ನೇರ ಬಿಸಿಲು ಬೇಕು.

ದಪ್ಪ ಅಳೆಯುವ ಗೇಜ್ ಸಿಕ್ಕರೆ ಒಂದೊಂದು ಪ್ಯಾನೆಲ್‌ನಲ್ಲೂ ನಾಲ್ಕೈದು ಕಡೆ ಇಟ್ಟು ನೋಡಿ. ಉಳಿದ ಕಡೆ 120 ತೋರಿಸುವ ಕಾರಿನ ಒಂದೇ ಡೋರ್ 250–300 ತೋರಿಸಿದರೆ ಅದಕ್ಕೆ ಮರು ಪೇಂಟ್ ಆಗಿದೆ. 1000 ದಾಟಿದರೆ ಒಳಗೆ ಪುಟ್ಟಿ ಇದೆ. ಉಳಿದ ಕಡೆಗಿಂತ ತೀರಾ ಕಡಿಮೆ ಬಂದರೆ ಅಲ್ಲಿ ಯಾರೋ ಈಗಾಗಲೇ ಚೆನ್ನಾಗಿ ಸವೆಸಿದ್ದಾರೆ ಎಂದುಕೊಳ್ಳಿ, ಕಾಂಪೌಂಡ್ ಬೇಡ. ಒಂದು ಎಚ್ಚರಿಕೆ: ಸಾಮಾನ್ಯ ಗೇಜ್ ಹೇಳುವುದು ಎಲ್ಲ ಪದರದ ಒಟ್ಟು ದಪ್ಪವನ್ನು, ಕ್ಲಿಯರ್ ಎಷ್ಟು ಉಳಿದಿದೆ ಎಂದಲ್ಲ. 300 ತೋರಿಸುವ ಡೋರ್‌ನಲ್ಲಿ ಕ್ಲಿಯರ್ ತೆಳ್ಳಗೇ ಇರಬಹುದು. ಪ್ಲಾಸ್ಟಿಕ್ ಬಂಪರ್ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ.

ಆಮೇಲೆ ಬಾನೆಟ್ ಅಥವಾ ಡೋರ್‌ನ ಸಮತಟ್ಟು ಜಾಗದಲ್ಲಿ ಸುಮಾರು 45 ಸೆಂ.ಮೀ. ಚೌಕಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಎಲ್ಲ ಪ್ರಯೋಗವೂ ಅದರೊಳಗೇ. ಪ್ರಯೋಗ ಶುರುವಾಗಬೇಕಾದ್ದು ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್‌ನಿಂದ. ಅಷ್ಟರಲ್ಲೇ ಕೆಲಸ ಮುಗಿಯುವ ಕಾರುಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು.

## ಎಷ್ಟು ಉಜ್ಜಿದರೂ ಗೀರು ಹಾಗೇ ಇದೆ

ಹಳೆಯ ಗೀರೇ ಎಂದು ಖಾತ್ರಿಯಾದರೆ ಮೊದಲು ನೋಡಬೇಕಾದ್ದು ಪ್ಯಾಡ್ ನಿಜಕ್ಕೂ ಸುತ್ತುತ್ತಿದೆಯೇ ಎಂಬುದು. ಡಿಎ (ಡ್ಯುಯಲ್ ಆ್ಯಕ್ಷನ್, ಅಂದರೆ ಪ್ಯಾಡ್ ಸುತ್ತುತ್ತಲೇ ಅತ್ತಿತ್ತ ಅಲುಗುವ) ಮೆಷಿನ್‌ಗಳಲ್ಲಿ ಒತ್ತಡ ಜಾಸ್ತಿಯಾದರೆ, ಪ್ಯಾಡ್ ಓರೆಯಾದರೆ, ಪ್ಯಾನೆಲ್ ಬಾಗಿದ್ದರೆ ಪ್ಯಾಡ್ ಸುತ್ತುವುದು ನಿಂತು ಬರಿ ನಡುಗುತ್ತದೆ. ಸದ್ದು ಮಾತ್ರ ಜೋರು, ಕೆಲಸ ಸೊನ್ನೆ. ಬ್ಯಾಕಿಂಗ್ ಪ್ಲೇಟ್ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಓಡುವಾಗ ಆ ಗೆರೆ ನಿಧಾನಕ್ಕೆ ಸುತ್ತುತ್ತಿರುವುದು ಕಾಣಬೇಕು. ನಿಂತಿದ್ದರೆ ಕೈ ಹಗುರ ಮಾಡಿ, ಪ್ಯಾಡ್ ಚಪ್ಪಟೆಯಾಗಿ ಕೂರಿಸಿ, ಬಾಗಿದ ಜಾಗಕ್ಕೆ ಚಿಕ್ಕ ಪ್ಯಾಡ್ ತಗೊಳ್ಳಿ.

ಎರಡನೆಯದು ಪ್ಯಾಡ್‌ನ ಸ್ಥಿತಿ. ಸವೆದ ಪೇಂಟ್ ಮತ್ತು ಒಣಗಿದ ಕಾಂಪೌಂಡ್ ಸೇರಿ ಪ್ಯಾಡ್ ಮುಖ ಗಟ್ಟಿಯಾಗಿದ್ದರೆ ಅದು ಕೊರೆಯುವುದಿಲ್ಲ, ಜಾರುತ್ತದೆ. ಪ್ರತಿ ಚೌಕ ಮುಗಿದ ಮೇಲೂ ಬ್ರಶ್ಶಿನಿಂದ ಅಥವಾ ಗಾಳಿ ಹೊಡೆದು ಸ್ವಚ್ಛ ಮಾಡಬೇಕು. ಮೂರನೆಯದು ಕೈಯ ವೇಗ. ಸೆಕೆಂಡಿಗೆ ಎರಡು-ಮೂರು ಸೆಂ.ಮೀ. ಸರಿಸಿದರೆ ಸಾಕು, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ನೆಲ ಒರೆಸುವ ಹಾಗೆ ಅತ್ತಿತ್ತ ಓಡಿಸುವವರಿಗೆ ಯಾವ ಕಾಂಪೌಂಡೂ ಕೆಲಸ ಮಾಡುವುದಿಲ್ಲ.

ಇಷ್ಟು ಸರಿಯಿದ್ದೂ ಗೀರು ಹೋಗದಿದ್ದರೆ ಪೇಂಟ್ ಗಟ್ಟಿಯದು ಎನ್ನಬಹುದು. ಮರ್ಸಿಡಿಸ್-ಬೆಂಝ್ 2003ರ ಕೊನೆಗೆ ನ್ಯಾನೋ ಕಣಗಳ ಕ್ಲಿಯರ್ ತಂದಿತು; ಪಾಲಿಶ್ ಮಾಡುವವರ ಮಾತಿನಲ್ಲಿ ಗಟ್ಟಿ ಪೇಂಟ್ ಎಂದಾಗ ಈಗಲೂ ಬರುವ ಹೆಸರುಗಳಲ್ಲಿ ಅದೂ ಒಂದು. ಆದರೆ ಕಂಪನಿ ಹೆಸರು ನೋಡಿ ತೀರ್ಮಾನಿಸಬೇಡಿ. ಒಂದೇ ಮಾದರಿಯ ಎರಡು ಬಣ್ಣಗಳಲ್ಲೇ ಗಡಸು ಬೇರೆ ಇರಬಹುದು. ಇಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ಪ್ಯಾಡ್, ಅಂದರೆ ಫೋಮ್‌ನಿಂದ ಮೈಕ್ರೋಫೈಬರ್‌ಗೆ ಅಥವಾ ಉಣ್ಣೆಗೆ. ಆಮೇಲೆ ಕಾಂಪೌಂಡ್. ಕೊನೆಗೆ ಮೆಷಿನ್. ಉಣ್ಣೆ ಪ್ಯಾಡ್‌ಗೆ ಕೆಟ್ಟ ಹೆಸರು ಬಂದಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಗಟ್ಟಿ ಪೇಂಟ್ ಮೇಲೆ ಅದು ಫೋಮ್‌ಗಿಂತ ತಣ್ಣಗೆ ಓಡುತ್ತದೆ, ಬೇಗ ಕೊರೆಯುತ್ತದೆ. ಮಬ್ಬನ್ನು ಎರಡನೇ ಹಂತದಲ್ಲಿ ತೆಗೆದರಾಯಿತು.

ಹಲವು ಗೀರು ಹೋಗಿ ಒಂದೆರಡು ಮಾತ್ರ ಉಳಿದಿದ್ದರೆ ಅಲ್ಲಿಗೆ ನೀರು ಸವರಿ. ನೀರಿನಲ್ಲಿ ಮಾಯವಾದರೆ ಗೀರು ಕ್ಲಿಯರ್‌ನಲ್ಲೇ ಇದೆ. ಬಿಳಿ ಅಥವಾ ಬೂದು ಗೆರೆ ಹಾಗೇ ಕಂಡರೆ ಬಣ್ಣದವರೆಗೆ ಇಳಿದಿದೆ, ಪಾಲಿಶ್‌ಗೆ ಸಿಗುವುದಿಲ್ಲ. ಉಗುರು ಅಡ್ಡ ಎಳೆದಾಗ ತಡೆದರೂ ಅಷ್ಟೇ. ಅಂಥದ್ದನ್ನು ಪೂರ್ತಿ ತೆಗೆಯುವ ಹಟ ಬಿಡಿ. ಅಂಚು ನಯವಾದರೆ ಬೆಳಕು ಅಷ್ಟು ಹಿಡಿಯುವುದಿಲ್ಲ, ನಾಲ್ಕಡಿ ದೂರದಿಂದ ಕಾಣುವುದೂ ಇಲ್ಲ. 2000 ಅಥವಾ 3000 ನಂಬರಿನ ವಾಟರ್ ಪೇಪರ್ ಹಿಡಿಯುವ ಆಸೆ ಬರುವುದು ಇಲ್ಲಿಯೇ. ಡಿಎ ಮೇಲೆ ಕಾಂಪೌಂಡ್ ಒಂದು ಸುತ್ತಿಗೆ ಒಂದೆರಡು ಮೈಕ್ರಾನ್ ತೆಗೆದರೆ ಪೇಪರ್ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ತೆಗೆಯುತ್ತದೆ. ಗೇಜ್ ಇಲ್ಲದೆ ಪೇಪರ್ ಹಿಡಿಯಬೇಡಿ.

## ಗೀರು ಹೋಯಿತು, ಮಬ್ಬು ಬಂತು

ಇದು ಮೆತ್ತನೆಯ ಪೇಂಟಿನ ಕಾಯಿಲೆ, ಅದರಲ್ಲೂ ಕಪ್ಪು ಬಣ್ಣದ್ದು. ನಿಜ ಹೇಳಬೇಕೆಂದರೆ ಗಟ್ಟಿ ಪೇಂಟ್ ಬೇಡುವುದು ಸಮಯವನ್ನು ಮಾತ್ರ, ಮೆತ್ತನೆಯದು ತಾಳ್ಮೆಯನ್ನೇ ತಿನ್ನುತ್ತದೆ. ಹಳೆಯ ಗೀರು ಎರಡೇ ಸುತ್ತಿಗೆ ಹೋಗಿರುತ್ತದೆ, ಆದರೆ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಬೂದು ಮಂಜು. ಒರಟು ಕಾಂಪೌಂಡ್ ಹಾಕಿದಷ್ಟೂ ಮಂಜು ದಟ್ಟ.

ಮೊದಲು ಒರೆಸುವ ಬಟ್ಟೆಯನ್ನೇ ಅನುಮಾನಿಸಿ. ಚೆನ್ನಾಗಿ ಬಂದಿರುವ ಒಂದು ಅಂಗೈಯಗಲ ಜಾಗ ಹುಡುಕಿ, ಅದೇ ಬಟ್ಟೆಯಿಂದ ಒಣಗಿದ್ದಾಗಲೇ ನಾಲ್ಕು ಸಲ ಒರೆಸಿ, ಟಾರ್ಚ್ ಹಿಡಿಯಿರಿ. ಕೈ ಓಡಿದ ದಿಕ್ಕಿನಲ್ಲೇ ಕೂದಲೆಳೆಯಂಥ ಗೆರೆ ಎದ್ದಿದ್ದರೆ ಮೆಷಿನ್ ನಿರಪರಾಧಿ. ಬಟ್ಟೆ ಬದಲಿಸಿ: ಉದ್ದ ಎಳೆಯ, ಅಂಚು ಹೊಲಿಯದ ಮೈಕ್ರೋಫೈಬರ್, ಬಟ್ಟೆ ಮೆತ್ತಗಾಗಿಸುವ ದ್ರವ ಹಾಕದೆ ತೊಳೆದದ್ದು. ಪಾಲಿಶ್ ಉಳಿಕೆಯ ಮೇಲೆ ಸ್ವಲ್ಪ ಪ್ಯಾನೆಲ್ ವೈಪ್ (ಪಾಲಿಶ್ ಎಣ್ಣೆ ತೆಗೆಯುವ, ಆಲ್ಕೋಹಾಲ್‌ನಂಥ ದ್ರಾವಕ ಇರುವ ದ್ರವ) ಸಿಂಪಡಿಸಿ, ಅದು ಕರಗಲು ಕೆಲವು ಸೆಕೆಂಡ್ ಬಿಟ್ಟು, ಒತ್ತದೆ ಎತ್ತಿಕೊಳ್ಳಿ. ಆಲ್ಕೋಹಾಲ್ ಅನ್ನು ನೀರು ಬೆರೆಸದೆ ಸುರಿದರೆ ಮೆತ್ತನೆಯ ಕ್ಲಿಯರ್ ಇನ್ನೂ ಮೆತ್ತಗಾಗಿ, ಒರೆಸುವಾಗಲೇ ಗೀರು ಬೀಳುತ್ತದೆ.

ಬಟ್ಟೆ ಸರಿಯಿದ್ದರೆ ಪ್ಯಾಡ್. ಕಾಂಪೌಂಡ್ ಕುಡಿದ ಪ್ಯಾಡ್‌ಗೆ ಫಿನಿಶಿಂಗ್ ಪಾಲಿಶ್ ಹಾಕಿದರೆ ಅದು ಕಾಂಪೌಂಡೇ. ಎರಡನೇ ಹಂತಕ್ಕೆ ಹೊಸ ಅಥವಾ ಚೆನ್ನಾಗಿ ತೊಳೆದು ಒಣಗಿಸಿದ ಪ್ಯಾಡ್ ಕಡ್ಡಾಯ. ಎಲ್ಲ ಪ್ಯಾಡ್‌ಗಿಂತ ಮೆತ್ತನೆಯದೇ ಉತ್ತಮ ಎಂಬುದೂ ಯಾವಾಗಲೂ ನಿಜವಲ್ಲ. ಕೆಲವು ಅಂಟು ಪೇಂಟ್‌ಗಳ ಮೇಲೆ ಅತಿ ಮೆತ್ತನೆಯ ಫೋಮ್ ಎಳೆದಾಡಿ ಗೀರುತ್ತದೆ, ಒಂದು ಮಟ್ಟ ಗಟ್ಟಿಯಾದದ್ದು ಶುಭ್ರವಾಗಿ ಬಿಡುತ್ತದೆ. ಎರಡನ್ನೂ ಟೇಪಿನ ಎರಡು ಬದಿಗೆ ಓಡಿಸಿ ನೋಡಿ.

ನಂತರ ಕೈ. ಕೊನೆಯ ಎರಡು ಸುತ್ತಿನಲ್ಲಿ ಮೆಷಿನ್‌ನ ಸ್ವಂತ ಭಾರ ಸಾಕು, ಸ್ಪೀಡ್ ಎರಡು ಮೆಟ್ಟಿಲು ಇಳಿಸಿ. ಪಾಲಿಶ್ ಒಣಗಿ ಪುಡಿಯಾಗುವ ಮುಂಚೆ, ತೆಳ್ಳನೆಯ ಎಣ್ಣೆ ಪೊರೆ ಇದ್ದಾಗಲೇ ನಿಲ್ಲಿಸಿ. ನಿಲ್ಲಿಸುವ ಹೊತ್ತು ತಪ್ಪಿದರೆ ಆ ಕೊನೆಯ ಐದು ಸೆಕೆಂಡಿನ ಒಣ ಉಜ್ಜುವಿಕೆಯೇ ಮಬ್ಬು ತರುತ್ತದೆ. ಇಷ್ಟಾದರೂ ಬಾರದಿದ್ದರೆ ಪಾಲಿಶ್ ಬದಲಿಸಿ. ಒಂದು ಕಂಪನಿಯ ಫಿನಿಶಿಂಗ್ ಪಾಲಿಶ್ ಒಪ್ಪದ ಪೇಂಟ್ ಇನ್ನೊಂದರದನ್ನು ಸಲೀಸಾಗಿ ಒಪ್ಪುವುದುಂಟು.

## ಪಾಲಿಶ್ ಅಂಟುತ್ತದೆ, ಉಂಡೆ ಕಟ್ಟುತ್ತದೆ, ಒರೆಸಲು ಬರುವುದಿಲ್ಲ

ಅಂಗೈ ಹಿಂಭಾಗವನ್ನು ಪ್ಯಾನೆಲ್‌ಗೆ ಇಡಿ. ಇಟ್ಟುಕೊಳ್ಳಲಾಗದಷ್ಟು ಬಿಸಿ ಇದ್ದರೆ ಕಾರಣ ಸಿಕ್ಕಿತು: ನೆರಳಿಗೆ ತನ್ನಿ, ತಣಿಯಲು ಬಿಡಿ. ಬಿಸಿ ಅಲ್ಲದಿದ್ದರೆ ಪಾಲಿಶ್ ಜಾಸ್ತಿಯಾಗಿದೆ. ಪ್ಯಾಡ್ ಹೊಸದಿದ್ದಾಗ ಇಡೀ ಮುಖಕ್ಕೆ ತೆಳ್ಳಗೆ ಸವರಿಕೊಂಡರೆ, ಮುಂದಿನ ಚೌಕಗಳಿಗೆ ಬಟಾಣಿ ಗಾತ್ರದ ಮೂರು-ನಾಲ್ಕು ಹನಿ ಸಾಕು. ಅದೂ ಅಲ್ಲದಿದ್ದರೆ ಹಳೆಯ ವ್ಯಾಕ್ಸ್ ಅಥವಾ ಕೋಟಿಂಗ್ ಕರಗಿ ಬೆರೆಯುತ್ತಿರಬಹುದು. ಮೊದಲ ಸುತ್ತಿನ ಪ್ಯಾಡ್ ತೆಗೆದಿಟ್ಟು, ಒರೆಸಿ, ಶುಭ್ರ ಪ್ಯಾಡ್‌ನಿಂದ ಎರಡನೆಯ ಸಲ ಶುರು ಮಾಡಿ.

ಕಾರಿಗೆ ಇತ್ತೀಚೆಗೆ ಮರು ಪೇಂಟ್ ಆಗಿದ್ದರೆ ಕ್ಲಿಯರ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಬೂತ್‌ನಲ್ಲಿ ಕಾಯಿಸದೆ ಗಾಳಿಗೆ ಒಣಗಿಸಿದ್ದಕ್ಕೆ ವಾರಗಟ್ಟಲೆ ಬೇಕು. ಪೇಂಟ್ ಹೊಡೆದವರು ಹೇಳಿದಷ್ಟು ದಿನ ಮೆಷಿನ್, ವ್ಯಾಕ್ಸ್, ಸೆರಾಮಿಕ್ ಕೋಟಿಂಗ್ ಯಾವುದೂ ಬೇಡ.

ಪ್ಲಾಸ್ಟಿಕ್ ಬಂಪರ್ ಬಗ್ಗೆ ಬೇರೆಯೇ ಜಾಗ್ರತೆ ಬೇಕು. ತಗಡು ಬಿಸಿಯನ್ನು ಸುತ್ತ ಹರಡುತ್ತದೆ, ಪ್ಲಾಸ್ಟಿಕ್ ಒಂದೇ ಕಡೆ ಇಟ್ಟುಕೊಳ್ಳುತ್ತದೆ. ರೋಟರಿ (ಪ್ಯಾಡ್ ಅಲುಗದೆ ಬರಿ ಗಿರಗಿರ ಸುತ್ತುವ ಮೆಷಿನ್) ಒಂದೇ ಜಾಗದಲ್ಲಿ ಕೆಲವು ಸೆಕೆಂಡ್ ನಿಂತರೆ ಪೇಂಟ್ ಸುಕ್ಕಾಗಿ ಏಳುತ್ತದೆ.

## ಒಳಗೆ ಚೆಂದ, ಬಿಸಿಲಿಗೆ ತಂದರೆ ಅಲೆಯಲೆ ನೆರಳು

ಇದಕ್ಕೆ ಹೊಲೊಗ್ರಾಮ್ ಎನ್ನುತ್ತಾರೆ. ನೀವು ಪಕ್ಕಕ್ಕೆ ನಡೆದರೆ ಅದೂ ಜೊತೆಗೆ ಸರಿಯುತ್ತದೆ. ರೋಟರಿ ಮೆಷಿನ್‌ನ ಗುರುತು, ಪ್ಯಾಡ್ ಓರೆ ಹಿಡಿದರೆ ಇನ್ನೂ ಹೆಚ್ಚು. ಪರಿಹಾರ ಸುಲಭ: ಡಿಎ ಮೆಷಿನ್, ಮೆತ್ತನೆಯ ಫೋಮ್, ನಯವಾದ ಪಾಲಿಶ್. ಮೇಲೆ ವ್ಯಾಕ್ಸ್ ಬಳಿದರೆ ಕೆಲವು ತೊಳೆತದವರೆಗೆ ಮರೆಯಾಗುತ್ತದೆ, ಅಷ್ಟೇ.

ಹೊಲೊಗ್ರಾಮ್ ಅಲ್ಲದೆ ಅಲ್ಲೊಂದು ಇಲ್ಲೊಂದು ಸುರುಳಿ ಗೀರು ಬಿದ್ದಿದ್ದರೆ ಪ್ಯಾಡ್ ಅಥವಾ ಸ್ಯಾಂಡಿಂಗ್ ಡಿಸ್ಕ್ ಅಡಿ ಒಂದು ಮರಳಿನ ಕಣ ಸಿಕ್ಕಿದೆ. ಕೂಡಲೇ ನಿಲ್ಲಿಸಿ. ನೆಲಕ್ಕೆ ಬಿದ್ದ ಪ್ಯಾಡ್ ಕೊಡವಿ ಮತ್ತೆ ಬಳಸುವುದು ಇದಕ್ಕೆ ಮಾಮೂಲಿ ಕಾರಣ.

## ಎರಡು ವಾರಕ್ಕೆ ಗೀರು ವಾಪಸ್

ಗೀರು ಮರಳಿ ಬರಲಿಲ್ಲ, ಹೋಗಿಯೇ ಇರಲಿಲ್ಲ. ಗ್ಲೇಜ್, ಎಣ್ಣೆ ಅಂಶದ ಪಾಲಿಶ್‌ಗಳು ಗೀರಿನೊಳಗೆ ತುಂಬಿ ಮುಚ್ಚುತ್ತವೆ. ಕೆಲವು ದ್ರಾವಕಗಳು ಕ್ಲಿಯರ್ ಅನ್ನು ತಾತ್ಕಾಲಿಕವಾಗಿ ಉಬ್ಬಿಸುತ್ತವೆ. ದ್ರಾವಕ ಆರಿದ ಮೇಲೆ ಅದು ಇಳಿದು ಗೀರು ಕಾಣಿಸುತ್ತದೆ. ಆದ್ದರಿಂದ ಪರೀಕ್ಷೆ ಚೌಕವನ್ನು ಪ್ಯಾನೆಲ್ ವೈಪ್‌ನಿಂದ ಒರೆಸಿ, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು ಬೆಳಗ್ಗೆ ನೋಡಿ, ಆಮೇಲೆ ಇಡೀ ಕಾರಿಗೆ ಕೈ ಹಾಕಿ. ಕಾರು ಎಲ್ಲೋ ಪಾಲಿಶ್ ಆಗಿ ಬಂದಿದ್ದರೆ ಹಣ ಕೊಡುವ ಮುಂಚೆ ಬಾನೆಟ್ ಮೂಲೆಯಲ್ಲಿ ಇದನ್ನೇ ಮಾಡಿ ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ತುಂಬಿದ್ದಲ್ಲ ಎಂದಾದರೆ ತೊಳೆಯುವ ರೀತಿ ನೋಡಿ. ಒಂದೇ ಬಕೆಟ್, ಒಣ ಬಟ್ಟೆಯಲ್ಲಿ ಧೂಳು ಕೊಡವುವುದು, ಮೆತ್ತನೆಯ ಪೇಂಟ್‌ಗೆ ಹೊಸ ಗೀರು ಬೀಳಲು ಇವೆರಡೇ ಸಾಕು.

## ಪ್ಯಾಡ್‌ಗೆ ಕಾರಿನ ಬಣ್ಣ ಹತ್ತುತ್ತಿದೆ

ಇಲ್ಲಿ ಮೆಷಿನ್ ಮೊದಲು ನಿಲ್ಲಿಸಿ, ಆಮೇಲೆ ಯೋಚಿಸಿ. ಹಳೆಯ ಕಾರುಗಳಿಗೆ, ಕೆಲವು ಗಾಡಿಗಳ ಕೆಂಪು, ಬಿಳಿ, ಕಪ್ಪು ಬಣ್ಣಗಳಿಗೆ ಕ್ಲಿಯರ್ ಇರುವುದೇ ಇಲ್ಲ. ಅಂಥ ಪೇಂಟ್‌ನಲ್ಲಿ ಬಣ್ಣ ಬರುವುದು ಸಹಜ. ಖಾತ್ರಿಗೆ ಕಣ್ಣಿಗೆ ಬೀಳದ ಜಾಗದಲ್ಲಿ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ. ಅಲ್ಲೂ ಬಣ್ಣ ಬಂದರೆ ಕ್ಲಿಯರ್ ಇಲ್ಲದ ಪೇಂಟ್. ಮುಂದುವರಿಯಬಹುದು, ಆದರೆ ಹಗುರವಾಗಿ. ಮೆಟಾಲಿಕ್ ಆಗಿದ್ದು ಕ್ಲಿಯರ್ ಇಲ್ಲವೆಂದರೆ ಮುಂದುವರಿಯಬೇಡಿ. ಲೋಹದ ಕಣ ಸವೆದು ತೇಪೆ ತೇಪೆ ಕಾಣುತ್ತದೆ.

ಬೇರೆ ಕಡೆ ಬಾರದ ಬಣ್ಣ ಒಂದೇ ಜಾಗದಲ್ಲಿ, ಅದರಲ್ಲೂ ಅಂಚು ಅಥವಾ ಉಬ್ಬುಗೆರೆಯಲ್ಲಿ ಬಂದರೆ ಕ್ಲಿಯರ್ ಮುಗಿದಿದೆ. ಅಂಚುಗಳಲ್ಲಿ ಪೇಂಟ್ ತೆಳ್ಳಗೆ ಇರುತ್ತದೆ, ಪ್ಯಾಡ್‌ನ ಒತ್ತಡವೆಲ್ಲ ಅಲ್ಲಿಗೇ ಬೀಳುತ್ತದೆ. ಆದ್ದರಿಂದ ಅಂಚಿಗೆ ಟೇಪ್. ಕೆಲವು ಆಳವಾದ ಕೆಂಪು ಬಣ್ಣಗಳಲ್ಲಿ ಕ್ಲಿಯರ್ ಕೆಳಗೆ ಬಣ್ಣ ಬೆರೆಸಿದ ಇನ್ನೊಂದು ಪಾರದರ್ಶಕ ಪದರ ಇರುತ್ತದೆ. ಅದು ಪ್ಯಾಡ್‌ಗೆ ಬಂದರೂ ಅರ್ಥ ಒಂದೇ, ರಿಪೇರಿ ಮಾತ್ರ ಇನ್ನೂ ಕಷ್ಟ.

ಪ್ಯಾಡ್ ಕಪ್ಪಾಗಿದ್ದು ಕಾರು ಕೆಂಪಾಗಿದ್ದರೆ ಎದೆ ಒಡೆದುಕೊಳ್ಳಬೇಡಿ. ಕಿಟಕಿಯ ರಬ್ಬರ್ ಬೀಡಿಂಗ್ ಅಥವಾ ಅಲ್ಯೂಮಿನಿಯಂ ಪಟ್ಟಿಗೆ ಪ್ಯಾಡ್ ತಗುಲಿದೆ.

## ನೀರಿನ ಕಲೆ, ಹಕ್ಕಿ ಹಿಕ್ಕೆಯ ಗುರುತು

ಕಲೆ ಪೇಂಟ್ ಮೇಲೆ ಕೂತಿದೆಯೋ, ಒಳಗೆ ಕೊರೆದಿದೆಯೋ ನೋಡಬೇಕು. ತಣ್ಣಗಿರುವ ಪ್ಯಾನೆಲ್‌ಗೆ ಬಿಳಿ ವಿನೆಗರ್ ಮತ್ತು ನೀರು ಸಮ ಬೆರೆಸಿ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಲವಣದ ಕಲೆಯಾದರೆ ಹೋಗುತ್ತದೆ. ವೃತ್ತಾಕಾರದ ತಗ್ಗು ಉಳಿದರೆ ಕ್ಲಿಯರ್ ಕೊರೆದಿದೆ, ಪಾಲಿಶ್ ಬೇಕು. ಹಕ್ಕಿ ಹಿಕ್ಕೆ ಬಿಸಿಲಿಗೆ ಒಣಗಿದ ಜಾಗದಲ್ಲಿ ಕ್ಲಿಯರ್ ಸುಕ್ಕಾಗಿದ್ದರೆ ಪಾಲಿಶ್ ಅಂಚನ್ನಷ್ಟೇ ಮೃದು ಮಾಡುತ್ತದೆ. ಹೀಟ್ ಗನ್ ಪ್ರಯೋಗ ಬೇಡ.

## ಮೈ ಮೇಲೂ ಗಮನವಿರಲಿ

ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್. ವೈರ್ ಭುಜದ ಮೇಲಿನಿಂದ ಹಿಂದಕ್ಕೆ ಹೋಗಬೇಕು, ಜೋತಾಡುವ ದುಪ್ಪಟ್ಟಾ, ಜಾಕೆಟ್ ದಾರ, ಸರ ಯಾವುದೂ ಇರಬಾರದು. ರೋಟರಿ ಸಿಕ್ಕಿದ್ದನ್ನು ಸುತ್ತಿ ಎಳೆಯುತ್ತದೆ. ಪ್ಯಾಡ್ ಪೇಂಟ್‌ಗೆ ತಾಗಿದ ಮೇಲೆಯೇ ಸ್ವಿಚ್ ಒತ್ತಿ, ಎತ್ತುವ ಮುಂಚೆ ಆಫ್ ಮಾಡಿ. ಪ್ಯಾಡ್ ಬದಲಿಸುವಾಗ ಪ್ಲಗ್ ಕಿತ್ತಿರಲಿ. ನೆಲ ಒದ್ದೆಯಿದ್ದರೆ ವಿದ್ಯುತ್ ಸೋರಿಕೆಗೆ ಕಡಿತಗೊಳ್ಳುವ ಸ್ವಿಚ್ ಇರುವ ಪಾಯಿಂಟ್‌ನಿಂದಲೇ ಕರೆಂಟ್ ತಗೊಳ್ಳಿ. ಪ್ಯಾನೆಲ್ ವೈಪ್‌ಗೆ ಬೆಂಕಿ ಬೇಗ ಹತ್ತುತ್ತದೆ, ಗಾಳಿಯಾಡುವ ಜಾಗ ಬೇಕು. ತೀರಾ ಹಳೆಯ ಕಾರಿನ ಪೇಂಟ್‌ನಲ್ಲಿ ಸೀಸ ಇರಬಹುದಾದ್ದರಿಂದ ಒಣ ಪೇಪರ್ ಉಜ್ಜಬೇಡಿ.

## ಪಾಲಿಶ್‌ನಿಂದ ಆಗದ ಕೆಲಸಗಳು

ಟಾಪ್ ಅಥವಾ ಬಾನೆಟ್ ಮೇಲೆ ಬಿಳಿ ತೇಪೆ ಕಂಡು, ಅದರ ಅಂಚು ಉಗುರಿಗೆ ಸಿಪ್ಪೆಯ ಹಾಗೆ ಏಳುತ್ತಿದ್ದರೆ ಕ್ಲಿಯರ್ ಬಿಟ್ಟುಕೊಂಡಿದೆ. ಪಾಲಿಶ್ ಆ ಅಂಚನ್ನು ಇನ್ನಷ್ಟು ಕೀಳುತ್ತದೆ. ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಲೆ ಕಟ್ಟಿದ್ದರೆ ಬಿರುಕು ಕೆಳಗಿನವರೆಗೂ ಇಳಿದಿದೆ. ಪೇಂಟ್ ಕೆಳಗಿನಿಂದ ಗುಳ್ಳೆ ಎದ್ದಿದ್ದರೆ ಒಳಗೆ ತುಕ್ಕು ಅಥವಾ ನೀರಿನಂಶ ಇದೆ. ಮೂರಕ್ಕೂ ಮರು ಪೇಂಟ್ ಒಂದೇ ದಾರಿ. ಮ್ಯಾಟ್ ಪೇಂಟ್‌ಗೆ ಯಾವ ಪಾಲಿಶೂ, ಯಾವ ಮೆಷಿನ್ನೂ ಬೇಡ; ಉಜ್ಜಿದ ಕಡೆ ಹೊಳಪು ಬಂದು ಅದು ಮತ್ತೆ ಮ್ಯಾಟ್ ಆಗುವುದಿಲ್ಲ.

ಗೀರು ಹೋಗಿದ್ದರೂ ಪ್ರತಿಬಿಂಬ ಸ್ವಲ್ಪ ಕದಡಿದಂತೆ ಕಂಡರೆ ಅದು ಪೇಂಟ್ ಹೊಡೆದಾಗಲೇ ಬಂದ ಏರಿಳಿತ, ಆರೆಂಜ್ ಪೀಲ್. ಫ್ಯಾಕ್ಟರಿ ಪೇಂಟ್‌ನಲ್ಲಿ ಅದನ್ನು ಬಿಟ್ಟುಬಿಡುವುದು ಲೇಸು. ಸಮ ಮಾಡಲು ತೆಗೆಯಬೇಕಾದ ಕ್ಲಿಯರ್ ಜಾಸ್ತಿ. ತೆಳುವಾದ ಕ್ಲಿಯರ್ ಬಿಸಿಲಿಗೆ ಬೇಗ ಸೋಲುತ್ತದೆ.

ಗೇಜ್ ಕಡಿಮೆ ತೋರಿಸಿದಾಗ, ಅಂಚಿನಲ್ಲಿ ಬಣ್ಣ ಕಂಡಾಗ, ಎರಡು ಪ್ಯಾಡ್, ಎರಡು ಪಾಲಿಶ್ ಬದಲಿಸಿಯೂ ಪರೀಕ್ಷೆ ಚೌಕ ಸರಿಬಾರದಿದ್ದಾಗ ಕೆಲಸ ಗೊತ್ತಿರುವವರ ಕೈಗೆ ಕೊಡಿ. ಕೊಡುವಾಗ ಗೇಜ್ ಅಂಕಿಗಳನ್ನು, ನೀವು ಬಳಸಿದ ಪ್ಯಾಡ್-ಕಾಂಪೌಂಡ್ ಹೆಸರನ್ನು, ಯಾವ ಪ್ಯಾನೆಲ್‌ಗೆ ಎಷ್ಟು ಸುತ್ತು ಹೋಗಿದ್ದೀರಿ ಎಂಬುದನ್ನು ಬರೆದು ಕೊಡಿ. ಟೇಪ್ ಹಚ್ಚಿದ ಆ ಚೌಕವನ್ನು ವ್ಯಾಕ್ಸ್ ಹಾಕಿ ಮುಚ್ಚಬೇಡಿ, ಅವರು ಮೊದಲು ನೋಡುವುದು ಅದನ್ನೇ.